ಕಡಲೆ ಹಾಸಿದ ರಸ್ತೆಯಲ್ಲಿ ಕುಳಿತವಳು

ವಿಜಯಪುರದಿಂದ ನಾನು ಕಳಿಸಿದ ಮೊದಲ ಫೋಟೊವನ್ನು ಪುಣೆಯ ಕಚೇರಿಯವರು ನಂಬಲಿಲ್ಲ. ಟಿಕೋಟಾಕ್ಕೆ ಹೋಗುವ ರಸ್ತೆಯಲ್ಲಿ, ಏಪ್ರಿಲ್ ತಿಂಗಳ ನಡುಮಧ್ಯಾಹ್ನ ನಿಂತು ತೆಗೆದದ್ದು. ನಡುವೆ ಡಾಂಬರು, ಎಡಕ್ಕೂ ಬಲಕ್ಕೂ ಉತ್ತು ಬಿಟ್ಟ ಕಪ್ಪು ನೆಲ, ಅದರಾಚೆ ಗೆರೆ ಎಳೆದಂತೆ ಆಕಾಶ. ಮರವಿಲ್ಲ, ಬೇಲಿಯಿಲ್ಲ, ಕರೆಂಟು ಕಂಬದ ನೆರಳು ಕೂಡ ಕಂಬದ ಬುಡದಲ್ಲೇ ಮುದುಡಿಕೊಂಡಿತ್ತು. ಒಂದು ಗಂಟೆಯೊಳಗೆ ಉತ್ತರ ಬಂತು. ಇದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರವೆಂದು ನೋಡಿದ ಕೂಡಲೇ ತಿಳಿಯುತ್ತದೆ, ರಸ್ತೆಯ ಪಕ್ಕದಲ್ಲಿ ಏನನ್ನೂ ಇಡುವುದನ್ನೇ ಮರೆತಿದ್ದೀರಿ, ದಯವಿಟ್ಟು ನಿಜವಾದ ಫೋಟೊ ಕಳಿಸಿ ಎಂದು ಬರೆದಿದ್ದರು.

ನಾನು ಅವರನ್ನು ಬೈಯಲು ಹೋಗಲಿಲ್ಲ. ಕೊಳ್ಳೇಗಾಲದವಳಾದ ನನ್ನ ಕಣ್ಣೇ ಅದನ್ನು ಪೂರಾ ನಂಬಿರಲಿಲ್ಲ. ನಮ್ಮ ಕಡೆ ರಸ್ತೆ ಎಂದರೆ ಎರಡೂ ಬದಿಗೆ ಹುಣಸೆಮರ, ಅದರ ಹಿಂದೆ ಹಿಪ್ಪುನೇರಳೆ ತೋಟ, ತೆಂಗು, ಎಲ್ಲೋ ಒಂದು ಕಾಲುವೆ. ಬೆಳಕು ಎಲೆಗಳಲ್ಲಿ ಸೋಸಿಕೊಂಡು ಬರುತ್ತದೆ. ಇಲ್ಲಿ ಅದಕ್ಕೆ ಅಡ್ಡ ಬರುವವರು ಯಾರೂ ಇಲ್ಲ. ಬಂದ ಮೊದಲ ವಾರ ಬೆಳಿಗ್ಗೆ ಏಳು ಗಂಟೆಗೆ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತಿತ್ತು, ಯಾರೋ ಕಾಯಿಸಿಟ್ಟಿದ್ದಾರೆಂದು ತಿಳಿದು ಮನೆಯೊಡತಿಗೆ ಧನ್ಯವಾದ ಹೇಳಿದೆ. ಆಕೆ ನಕ್ಕದ್ದು ಇನ್ನೂ ನಿಂತಿಲ್ಲ.

ಊರಿನಲ್ಲಿ ಎಲ್ಲರೂ ನನ್ನ ಕೆಲಸ ಏನೆಂದು ಕೇಳುತ್ತಾರೆ, ಒಮ್ಮೆ ಹೇಳಿಬಿಡುತ್ತೇನೆ. ಈಗಿನ ಕೆಲವು ಕಾರುಗಳಲ್ಲಿ ಮುಂದಿನ ಗಾಜಿನ ಹಿಂದೆ ಹೆಬ್ಬೆರಳಿನಷ್ಟು ಕ್ಯಾಮೆರಾ ಇರುತ್ತದೆ. ಎದುರಿಗೆ ಮನುಷ್ಯರೋ ದನವೋ ಬಂದರೆ ಅದು ಗುರುತು ಹಿಡಿದು ಸದ್ದು ಮಾಡುತ್ತದೆ, ಚಾಲಕ ಗಮನಿಸದಿದ್ದರೆ ಕಾರು ತಾನೇ ಬ್ರೇಕ್ ಹಾಕುತ್ತದೆ. ಅದರ ಕಣ್ಣು ಸರಿಯಿದೆಯೋ ಇಲ್ಲವೋ ನೋಡಲು ಜೀವಂತ ಮನುಷ್ಯರನ್ನು ಕಾರಿನ ಮುಂದೆ ನಿಲ್ಲಿಸುವಂತಿಲ್ಲ. ಹಾಗಾಗಿ ಇಡೀ ರಸ್ತೆಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತೇವೆ. ಡಾಂಬರಿನ ಬಿರುಕು, ಗಾಜಿನ ಮೇಲಿನ ಧೂಳು, ಸಂಜೆ ಟಿಕೋಟಾ ಕಡೆಗೆ ಹೊರಟಾಗ ಕಣ್ಣಿಗೆ ನೇರ ಹೊಡೆಯುವ ಸೂರ್ಯ, ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಹಸಿರು ಬಲೆ, ಎಲ್ಲವನ್ನೂ ಆ ಕ್ಯಾಮೆರಾಕ್ಕೆ ಕಾಣುವ ಹಾಗೆಯೇ ಮಾಡುತ್ತೇವೆ. ಆಮೇಲೆ ಆ ಚಿತ್ರಗಳನ್ನು ನಿಜವೆಂಬಂತೆ ಕಾರಿನ ಮೆದುಳಿಗೆ ತೋರಿಸುತ್ತೇವೆ. ಅದು ಮನುಷ್ಯರನ್ನು ಗುರುತಿಸಿದರೆ ಅವರ ಸುತ್ತ ಹಸಿರು ಚೌಕವೊಂದು ಮೂಡುತ್ತದೆ. ಮೂಡದಿದ್ದರೆ ಕಾರು ಅವರ ಮೇಲೆಯೇ ಹೋಗುತ್ತದೆ. ಅಲ್ಲಿ ಯಾರೂ ಸಾಯುವುದಿಲ್ಲ, ವರದಿಯಲ್ಲಿ 'ಗುರುತಿಸಿಲ್ಲ' ಎಂದು ಬರೆಯುತ್ತೇವೆ ಅಷ್ಟೆ.

ಇದಕ್ಕೆ ಮುಂಚೆ ನಾನು ಮೈಸೂರಿನಲ್ಲಿ ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡುತ್ತಿದ್ದೆ, ಬಿಲ್ಡರುಗಳ ಜಾಹೀರಾತಿಗೆ. ಆ ಸ್ಟುಡಿಯೊ ಮುಚ್ಚಿತು. ಅಷ್ಟರಲ್ಲಿ ನಾನೂ ನನ್ನ ಗಂಡನೂ ಬೇರೆಯಾಗಿದ್ದೆವು. ಈ ಕೆಲಸ ಸಿಕ್ಕಾಗ ಮಗಳು ಸಿಂಚನಳನ್ನು ಕೊಳ್ಳೇಗಾಲದಲ್ಲಿ ನನ್ನ ಅಕ್ಕನ ಮನೆಯಲ್ಲಿ ಬಿಟ್ಟು ಬಂದೆ. ಒಂದು ವರ್ಷ, ಇಲ್ಲಿಯ ರಸ್ತೆಗಳ ಪರೀಕ್ಷೆ ಮುಗಿದ ಕೂಡಲೇ ಮನೆಯಿಂದಲೇ ಕೆಲಸ ಮಾಡಬಹುದು ಎಂದು ಒಪ್ಪಂದ. ಒಂದು ವರ್ಷ ಎನ್ನುವುದು ಹನ್ನೆರಡು ವರ್ಷದ ಹುಡುಗಿಗೆ ಎಷ್ಟು ಉದ್ದ ಎಂದು ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಬರುತ್ತಲೇ ಇರಲಿಲ್ಲ.

ನನಗೆ ಮನೆ ಸಿಕ್ಕಿದ್ದು ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ, ಜೈತುನಬಿಯವರ ಮಾಳಿಗೆಯ ಮೇಲಿನ ಕೋಣೆ. ಅವರ ಮಗ ಮೌಲಾಲಿ ನಮ್ಮ ಕಚೇರಿಯ ಕಾರು ಓಡಿಸುವವನು. ಕಾರಿನ ನೆತ್ತಿಯ ಮೇಲೆ ನಾಲ್ಕು ಕ್ಯಾಮೆರಾ ಕಟ್ಟಿಕೊಂಡು ರಸ್ತೆ ರಸ್ತೆ ಸುತ್ತುವುದು ನಮ್ಮಿಬ್ಬರ ದಿನಚರಿ. ಒಬ್ಬಂಟಿ ಹೆಂಗಸಿಗೆ ಮನೆ ಕೊಡಲು ಮೂರು ಕಡೆ ಮೂಗು ಮುರಿದಿದ್ದರು. ಜೈತುನಬಿ ಮಾತ್ರ ಕೇಳಿದ್ದು ಒಂದೇ ಪ್ರಶ್ನೆ, ಮೂರು ಹೊತ್ತೂ ಅನ್ನ ಉಂಡರೆ ಮೈಯಲ್ಲಿ ಕಸುವು ಎಲ್ಲಿಂದ ಬರುತ್ತದೆ ಎಂದು. ನಾವು ರಾಗಿಮುದ್ದೆಯವರು ಎಂದೆ. ಅದನ್ನು ಅಗಿಯದೆ ನುಂಗುತ್ತೇವೆಂದು ತಿಳಿದ ಮೇಲೆ ನನ್ನ ಬಗ್ಗೆ ಅವರಿಗೆ ನಿಜವಾದ ಕನಿಕರ ಹುಟ್ಟಿತು. ಅಂದಿನಿಂದ ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದಿಗೆ ಎದ್ದು, ಎರಡು ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ತಿಂದು ಕೆಲಸಕ್ಕೆ ಹೋಗುತ್ತೇನೆ. ಮುದ್ದೆ ಹೊಟ್ಟೆಯಲ್ಲಿ ಕೂರುತ್ತದೆ, ರೊಟ್ಟಿ ದವಡೆಗೆ ಕೆಲಸ ಕೊಡುತ್ತದೆ. ಎರಡು ತಿಂಗಳು ನನ್ನ ದವಡೆ ನೋಯುತ್ತಿತ್ತು.

ಭಾಷೆಯ ವಿಷಯ ಬೇರೆಯೇ. ನಾನೂ ಕನ್ನಡದವಳೇ, ಅವರೂ ಕನ್ನಡದವರೇ. ಆದರೂ ನನ್ನ ಕೊಳ್ಳೇಗಾಲದ ಮಾತು ಇಲ್ಲಿ ಯಾರಿಗೂ ಹಿಡಿಯದು ಎಂದು ಗೊತ್ತಾಗಿ, ಪುಸ್ತಕದ ಕನ್ನಡವನ್ನೇ ಆಡಲು ಶುರುಮಾಡಿದೆ. ನಾನು ಬಾಯಿ ತೆರೆದರೆ ರೇಡಿಯೊ ಹಚ್ಚಿದಂತಾಗುತ್ತದೆ ಎಂದು ಮೌಲಾಲಿ ಹೇಳುತ್ತಾನೆ. ಹಾಗಾಗಿ ಈ ಊರಿನಲ್ಲಿ ಒಂದು ವರ್ಷದಿಂದ ಇದ್ದೇನೆ, ನನ್ನ ಮನೆಯ ಮಾತನ್ನು ಇಲ್ಲಿ ಯಾರೂ ಕೇಳಿಲ್ಲ. ಭಾನುವಾರ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ಒಬ್ಬಳೇ ನಾಲ್ಕು ಮಾತು ಆಡಿಕೊಳ್ಳುತ್ತೇನೆ. ಹುಚ್ಚು ಹಿಡಿದಿದೆ ಎಂದುಕೊಂಡರೂ ಸರಿ.

ಡಿಸೆಂಬರಿನಲ್ಲಿ ನಮಗೊಂದು ತೊಂದರೆ ಎದುರಾಯಿತು. ಬಬಲೇಶ್ವರದ ರಸ್ತೆಯಲ್ಲಿ ಪರೀಕ್ಷೆಯ ಕಾರು ಎಲ್ಲೆಂದರಲ್ಲಿ ಗಕ್ಕನೆ ಬ್ರೇಕ್ ಹಾಕುತ್ತಿತ್ತು. ಹಿಂದಿನಿಂದ ಬಂದ ಲಾರಿ ಒಮ್ಮೆ ನಮಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಪುಣೆಯವರು ಕ್ಯಾಮೆರಾದ ಚಿತ್ರ ನೋಡಿ, ರಸ್ತೆಯ ಮೇಲೆ ಯಾಕೆ ಗಿಡಗಳು ಬಿದ್ದಿವೆ, ಬಿರುಗಾಳಿ ಬಂದಿತ್ತೇ ಎಂದು ಕೇಳಿದರು. ನನಗೆ ನಗು ಬಂತು. ಅದು ತೊಗರಿ. ಕಿತ್ತು ಒಣಗಿಸಿದ ತೊಗರಿಯನ್ನು ಡಾಂಬರಿನ ಮೇಲೆ ಹಾಸಿ, ಎರಡೂ ತುದಿಗೆ ಕಲ್ಲಿಟ್ಟು ಬಿಟ್ಟರೆ ಬಸ್ಸು ಲಾರಿಗಳೇ ಅದನ್ನು ತುಳಿದು ಕಾಳು ಬಿಡಿಸಿ ಹೋಗುತ್ತವೆ. ನಮ್ಮಲ್ಲಿ ಹುರುಳಿಗೂ ರಾಗಿಗೂ ಹೀಗೆಯೇ ಮಾಡುತ್ತಾರೆ, ಒಕ್ಕಣೆ ಎನ್ನುತ್ತೇವೆ. ಇಲ್ಲಿ ಅದಕ್ಕೆ ರಾಶಿ ಎನ್ನುತ್ತಾರೆ; ನಮಗೆ ರಾಶಿ ಎಂದರೆ ಬರೀ ಗುಡ್ಡೆ, ಇವರಿಗೆ ಕೊಯ್ಲಿನಿಂದ ಚೀಲ ತುಂಬುವ ತನಕದ ಇಡೀ ಕೆಲಸ. ಈ ಎಂಟು ತಿಂಗಳಲ್ಲಿ ನನಗೆ ಮೊದಲೇ ಗೊತ್ತಿದ್ದ ಒಂದು ವಿಷಯ ಸಿಕ್ಕಿದ್ದು ಅದೇ ಮೊದಲು. ಕಚೇರಿಯಲ್ಲಿ ಎಲ್ಲರಿಗಿಂತ ಮುಂಚೆ ನಾನು ಉತ್ತರ ಬರೆದೆ. ಇದು ಅಡಚಣೆಯಲ್ಲ, ಇದರ ಮೇಲೆ ವಾಹನ ಹೋಗಲೆಂದೇ ಹಾಸಿರುತ್ತಾರೆ, ಕಾರು ಇದಕ್ಕೆ ಬ್ರೇಕ್ ಹಾಕಬಾರದು.

ಪುಣೆಯಿಂದ ಶಹಬ್ಬಾಸ್ ಬಂತು. ಹಾಗಾದರೆ ಇಂಥ ರಸ್ತೆಯ ಚಿತ್ರಗಳನ್ನು ನೂರಾರು ಮಾಡಿ ಕೊಡಿ, ಕಾರು ಅದನ್ನು ಲೆಕ್ಕಿಸದಿರಲು ಕಲಿಯಲಿ ಎಂದರು. ನಾನೂ ಮೌಲಾಲಿಯೂ ಜೈನಾಪುರದ ಹತ್ತಿರ ರಸ್ತೆಗೆ ಹೋದೆವು. ಅಲ್ಲಿ ಉದ್ದಕ್ಕೂ ತೊಗರಿ ಹಾಸಿತ್ತು. ಹಾಸಿನ ಆಚೆ ತುದಿಯಲ್ಲಿ, ಡಾಂಬರಿನ ಮೇಲೆಯೇ ಒಬ್ಬ ಹೆಂಗಸು ಕುಳಿತು ಮೊರದಲ್ಲಿ ಕಾಳು ಕೇರುತ್ತಿದ್ದಳು. ಧೂಳಿಗೆಂದು ಸೆರಗನ್ನು ಮುಖಕ್ಕೆಲ್ಲ ಸುತ್ತಿದ್ದಳು, ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ. ಕ್ಯಾಮೆರಾ ನೋಡಿ ಕೇಳಿದಳು:

"ನಾ ಅಡ್ಡ ಬರತೀನೇನ್ರಿ ಅಕ್ಕಾರ? ಸರೀಲೇನು?"

ನಾನು ಹೌದು ಎಂದೆ. ದಯವಿಟ್ಟು ಐದು ನಿಮಿಷ ಪಕ್ಕಕ್ಕೆ ಬನ್ನಿ ಎಂದೆ. ಬರೀ ಗಿಡಗಳು ಬೇಕಿತ್ತು, ಮನುಷ್ಯರಿದ್ದರೆ ಪರೀಕ್ಷೆ ಕಲಸಿಹೋಗುತ್ತದೆ. ಆಕೆ ಮೊರ ಎತ್ತಿಕೊಂಡು ಬದುವಿಗೆ ಹೋಗಿ ನಿಂತಳು. ನಾವು ಮುಗಿಸುವ ತನಕ ಅರ್ಧ ಗಂಟೆ ಬಿಸಿಲಿನಲ್ಲಿ ಹಾಗೆಯೇ ನಿಂತಿದ್ದಳು. ಆ ಹೆಂಗಸೇ ನೀಲವ್ವ. ಅವಳನ್ನು ಚಿತ್ರದಿಂದ ಆಚೆ ಕಳಿಸಿದ್ದು ಬೇರೆ ಯಾರೂ ಅಲ್ಲ, ನಾನು.

ನೀಲವ್ವನಿಗೆ ಅರವತ್ತರ ಹತ್ತಿರ. ಜೈನಾಪುರದ ಊರಹೊರಗಿನ ಓಣಿಯಲ್ಲಿ ಮಗಳು ರೇಣುಕಾಳೊಂದಿಗೆ ಇರುತ್ತಾಳೆ. ರೇಣುಕಾ ಬಬಲೇಶ್ವರದಲ್ಲಿ ಅಂಗನವಾಡಿ ಸಹಾಯಕಿ. ರಸ್ತೆಗೆ ಹೊಂದಿಕೊಂಡೇ ಇವರ ತುಂಡು ಹೊಲ. ಮೊದಲು ಅದರ ಮೂಲೆಯಲ್ಲಿ ಕಣವಿತ್ತಂತೆ, ರಸ್ತೆ ಅಗಲ ಮಾಡಿದಾಗ ಕಣದ ಮೇಲೆಯೇ ಡಾಂಬರು ಬಂತು. ಹಾಗಾಗಿ ತಾನು ಕುಳಿತಿರುವುದು ತನ್ನ ಕಣದಲ್ಲೇ ಎನ್ನುವುದು ಅವಳ ವಾದ. ಫೋಟೊ ತೆಗೆದ ದಿನ ನಮಗಿಬ್ಬರಿಗೂ ಬುತ್ತಿ ಬಿಚ್ಚಿ ಕಡಕ್ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಆಮೇಲೆ ಆ ಕಡೆ ಹೋದಾಗಲೆಲ್ಲ ನಾನು ಕಾರು ನಿಲ್ಲಿಸುತ್ತಿದ್ದೆ. ನನ್ನ ರೇಡಿಯೊ ಕನ್ನಡಕ್ಕೆ ಅವಳು ನಗುತ್ತಿರಲಿಲ್ಲ. ಒಮ್ಮೆ, ಮಗಳ ಫೋನ್ ಬಂದಾಗ ನಾನು ಮರೆತು ಕೊಳ್ಳೇಗಾಲದ ಮಾತಾಡಿದ್ದನ್ನು ಕೇಳಿಸಿಕೊಂಡು, ಇದು ನಿನ್ನ ಖರೇ ದನಿ ಅಲ್ಲವೇನವ್ವ ಎಂದಳು. ಅಂದಿನಿಂದ ನಾನು ಅವಳಿಗೆ ಅಕ್ಕಾರ ಅಲ್ಲ, ಯವ್ವ.

ಫೆಬ್ರವರಿಯಲ್ಲಿ ತೊಗರಿ ಮುಗಿದು ಕಡಲೆ ಬಂತು. ಒಂದು ಮಧ್ಯಾಹ್ನ ನಾನು ಬದುವಿನ ಮೇಲೆ ಕುಳಿತು ಅವಳ ಕೆಲಸ ನೋಡುತ್ತಿದ್ದೆ. ಹಾಸಿನ ತುದಿಯಲ್ಲಿ ಮೊಣಕಾಲೂರಿ, ಬಾಗಿ, ಕಾಳು ಗುಡಿಸುತ್ತಿದ್ದಳು. ಅವಳ ಹಳೆಯ ಸೀರೆ, ಸುತ್ತಿಕೊಂಡ ಸೆರಗು, ಧೂಳು ಕೂತ ಬೆನ್ನು, ಎಲ್ಲ ಒಣ ಕಡಲೆ ಗಿಡದ ಬಣ್ಣವೇ ಆಗಿತ್ತು. ಬಸ್ಸೊಂದು ಬಂತು, ಅವಳು ತಲೆ ಎತ್ತದೆಯೇ ಎರಡು ಮಾರು ಸರಿದಳು, ಬಸ್ಸು ಹೋಯಿತು, ಮತ್ತೆ ಅಲ್ಲಿಗೇ ಬಂದಳು. ನೋಡುವುದೇ ಇಲ್ಲವಲ್ಲ ಎಂದು ಬೈದೆ.

"ನೋಡೂದ್ಯಾಕ ಬೇಕವ್ವ, ಕಿವಿಗಿ ಗೊತ್ತಾಗತೈತಿ. ಕಡ್ಲಿ ಗಿಡ ಚಟಚಟ ಅಂದ್ರ ಗಾಡಿ ಬಂತಂತ ತಿಳಕೋಬೇಕು. ಅಂವಗೂ ಗೊತ್ತಿರತೈತಿ, ಗಿಡ ಹಾಸ್ಯಾರಂದ್ರ ಅಲ್ಲಿ ಯಾರಾರ ಕುಂತಿರತಾರಂತ. ಅಂವ ಸಾವಕಾಶ ಬರತಾನ, ನಾ ಸರೀತೀನಿ."

ಅಂವ ಎಂದರೆ ಚಾಲಕ. ಈ ಭಾಗದ ಚಾಲಕರಿಗೆಲ್ಲ ಅದು ಗೊತ್ತು. ಹಾಸು ಕಂಡರೆ ವೇಗ ಇಳಿಸುತ್ತಾರೆ, ಯಾಕೆಂದರೆ ಹಾಸಿನ ಆಚೆ ಮನುಷ್ಯರಿರುತ್ತಾರೆ. ನಮ್ಮ ಊರಿನ ಚಾಲಕರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ನಾನು ಕಾರಿಗೆ ಕಲಿಸಿದ್ದು ಅರ್ಧ ಪಾಠ. ಹಾಸು ಕಂಡರೆ ಲೆಕ್ಕಿಸಬೇಡ ಎಂದು ಕಲಿಸಿದ್ದೆ, ಅದರಾಚೆ ಯಾರೋ ಕುಳಿತಿರುತ್ತಾರೆ ಎನ್ನುವುದನ್ನು ಬಿಟ್ಟಿದ್ದೆ. ಆ ನೂರಾರು ಚಿತ್ರಗಳಲ್ಲಿ ಒಂದರಲ್ಲೂ ಮನುಷ್ಯರಿಲ್ಲ.

ಮರುದಿನವೇ ನೀಲವ್ವನನ್ನು ಸುತ್ತಲಿಂದ ಫೋಟೊ ತೆಗೆದೆ, ಮೊಣಕಾಲೂರಿ ಕುಳಿತಿದ್ದ ಹಾಗೆಯೇ, ಮುಖ ಮುಚ್ಚಿದ ಹಾಗೆಯೇ. ಯಾಕೆಂದು ಕೇಳಿದಳು. ಕಾರುಗಳಿಗೆ ನಿನ್ನ ಗುರುತು ಮಾಡಿಸುತ್ತೇನೆ ಎಂದೆ. ಅವಳಿಗೆ ಹಿಗ್ಗು. ಮುಗಿದ ಮೇಲೆ ತೋರಿಸಬೇಕೆಂದು ಮಾತು ತೆಗೆದುಕೊಂಡಳು. ಆರು ದಿನ ಕುಳಿತು ಅವಳನ್ನು ಕಂಪ್ಯೂಟರಿನಲ್ಲಿ ಮಾಡಿದೆ. ಅಷ್ಟು ಒಳ್ಳೆಯ ಕೆಲಸವನ್ನು ನಾನು ಎಂದೂ ಮಾಡಿಲ್ಲ. ಕೇರುವಾಗ ಎಡಗೈ ಸ್ವಲ್ಪ ತಡವಾಗಿ ಏಳುವುದು ಕೂಡ ಬಂದಿತ್ತು. ಆಮೇಲೆ ಕಾರನ್ನು ಓಡಿಸಿದೆ.

ಹಸಿರು ಚೌಕ ಮೂಡಲಿಲ್ಲ. ಕಾರು ಕಡಲೆಯ ಮೇಲೆ ಸಲೀಸಾಗಿ ಬಂದು ನೀಲವ್ವನ ಮೇಲೆ ಹೋಯಿತು. ಬೆಳಕು ಬದಲಿಸಿದೆ, ಮತ್ತೆ ಹೋಯಿತು. ಬೆಳಿಗ್ಗೆ ಇಟ್ಟೆ, ಮಧ್ಯಾಹ್ನ ಇಟ್ಟೆ, ಮೋಡ ಹಾಕಿದೆ. ಆ ದಿನ ಎಷ್ಟು ಸಲ ಅವಳ ಮೇಲೆ ಕಾರು ಹತ್ತಿತೋ ಲೆಕ್ಕವಿಡಲಿಲ್ಲ. ಪ್ರತಿ ಸಲವೂ ಅವಳು ಕೇರುತ್ತಲೇ ಇದ್ದಳು, ಕಾರು ಹೋದ ಮೇಲೂ. ಮೌಲಾಲಿ ಹಿಂದೆ ನಿಂತು ನೋಡುತ್ತಿದ್ದವನು, ಬಂದ್ ಮಾಡ್ರಿ ಮೇಡಮ್ಮಾರ ಎಂದು ಹೇಳಿ ಕೆಳಗಿಳಿದು ಹೋದ.

ವರದಿಯನ್ನು ಪುಣೆಗೆ ಕಳಿಸಿದೆ. ನಾನು ಹೆದರಿದ್ದು, ಇಷ್ಟು ದೊಡ್ಡ ತಪ್ಪು ಹೇಗಾಯಿತೆಂದು ನನ್ನನ್ನು ಬೈಯುತ್ತಾರೆಂದು. ಬೈದಿದ್ದರೆ ಚೆನ್ನಾಗಿತ್ತು. ಉತ್ತರ ಬಹಳ ಸೌಜನ್ಯದಿಂದ ಬಂತು. ಈ ಆಕೃತಿ ಮನುಷ್ಯರಂತಿಲ್ಲ. ಮುಖವಿಲ್ಲ, ಕೈಗಳು ಕಾಣುವುದಿಲ್ಲ, ನೆಲಕ್ಕೂ ಬಟ್ಟೆಗೂ ಒಂದೇ ಬಣ್ಣವಿದೆ, ವಾಹನ ಓಡಾಡುವ ರಸ್ತೆಯ ನಡುವೆ ಯಾರೂ ಹೀಗೆ ಕುಳಿತಿರುವುದಿಲ್ಲ. ಚಿತ್ರ ನೈಜವಾಗಿಲ್ಲ, ಸರಿಪಡಿಸಿ. ನಾನು ನೀಲವ್ವನ ನಿಜವಾದ ಫೋಟೊ ಕಳಿಸಿದೆ. ಫೋನ್ ಮಾಡಿ ಜಗಳವಾಡಿದೆ. ಆ ಕಡೆಯಿದ್ದವರು ಸಮಾಧಾನದಿಂದ ಕೇಳಿಸಿಕೊಂಡರು. ಇಂಥದ್ದು ಎಲ್ಲೋ ಅಪರೂಪಕ್ಕೊಂದು, ಇದಕ್ಕಾಗಿ ಇಡೀ ಪರೀಕ್ಷೆ ತಡೆಯಲಾಗದು, ಈ ವಾರ ಮುಗಿಸಿಕೊಟ್ಟರೆ ನೀವು ಮನೆಗೆ ಹೋಗುವ ಕಾಗದವನ್ನೂ ಈ ತಿಂಗಳೇ ಕಳಿಸುತ್ತೇವೆ ಎಂದರು.

ಅಂದು ಸಂಜೆ ಸಿಂಚನ ಫೋನಿನಲ್ಲಿ ಮಾತಾಡಲಿಲ್ಲ. ಅವಳಿಗೆ ಮುನಿಸು, ಯುಗಾದಿಗಾದರೂ ಬರುತ್ತೀಯಾ ಎಂದು ಕೇಳಿದ್ದಕ್ಕೆ ನಾನು ನೋಡೋಣ ಎಂದಿದ್ದೆ. ಇದನ್ನು ನೆಪವೆಂದು ಹೇಳುತ್ತಿಲ್ಲ, ಆದದ್ದನ್ನು ಹೇಳುತ್ತಿದ್ದೇನೆ. ಮರುದಿನ ಬೆಳಿಗ್ಗೆ ನಾನು ನೀಲವ್ವನನ್ನು ಎಬ್ಬಿಸಿ ನಿಲ್ಲಿಸಿದೆ. ಮುಖದ ಮೇಲಿನ ಸೆರಗು ತೆಗೆದೆ. ಕೈಗಳನ್ನು ಮೈಯಿಂದ ಸ್ವಲ್ಪ ದೂರ ಇಟ್ಟೆ. ಸೀರೆಗೆ ಕೆಂಪು ಬಣ್ಣ ಹಾಕಿದೆ. ಕಾರು ಬಂತು, ದೂರದಿಂದಲೇ ಹಸಿರು ಚೌಕ ಮೂಡಿತು, ಬ್ರೇಕ್ ಬಿತ್ತು. ಬೆಳಿಗ್ಗೆ, ಮಧ್ಯಾಹ್ನ, ಮೋಡ, ಎಲ್ಲದರಲ್ಲೂ ಪಾಸು. 'ಕೃಷಿ ಹಾಸಿನ ರಸ್ತೆಯಲ್ಲಿ ಪಾದಚಾರಿ: ಗುರುತಿಸಿದೆ' ಎಂಬ ಸಾಲಿನ ಕೆಳಗೆ ನನ್ನ ಸಹಿ ಇದೆ.

ನಾಲ್ಕು ದಿನ ಕಳೆದು ನೀಲವ್ವ ಕಣ್ಣು ತೋರಿಸಿಕೊಳ್ಳಲು ವಿಜಯಪುರಕ್ಕೆ ಬಂದವಳು, ರೇಣುಕಾಳ ಜೊತೆ ಕಚೇರಿಯ ಮೆಟ್ಟಿಲು ಹತ್ತಿ ಬಂದಳು. ಮಾತು ಕೊಟ್ಟಿದ್ದೆನಲ್ಲ, ತೋರಿಸಲೇಬೇಕಾಯಿತು. ಪರದೆಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದಳು.

"ಈಕಿ ನಾ ಅಲ್ಲವ್ವ," ಎಂದಳು. "ಈಕಿ ರಾಶಿ ಮಾಡಾಕ ಬಂದಾಕಿ ಅಲ್ಲ, ಲಗ್ನಕ್ಕ ಹೊಂಟಾಕಿ."

ರೇಣುಕಾ ನಕ್ಕಳು, ಮೌಲಾಲಿಯೂ ನಕ್ಕ. ನಾನೂ ನಕ್ಕೆ. ಕುಳಿತಿದ್ದ ನೀಲವ್ವ ಎಲ್ಲಿ ಎಂದು ಅವಳು ಕೇಳಿದ್ದರೆ ಆಗಲೇ ಹೇಳಿಬಿಡುತ್ತಿದ್ದೆನೇನೋ. ಕೇಳಲಿಲ್ಲ. ತನ್ನನ್ನು ಚೆಂದ ಮಾಡಿದ್ದೇನೆಂದು ಹೇಳಿ ನನ್ನ ಗಲ್ಲ ಮುಟ್ಟಿ ನೆಟಿಕೆ ಮುರಿದಳು. ಇನ್ನು ಮೇಲೆ ಕುಳಿತು ಕೆಲಸ ಮಾಡುವಾಗ ರಸ್ತೆ ನೋಡುತ್ತಿರು, ಕಿವಿಯನ್ನು ನಂಬಬೇಡ ಎಂದು ಮೂರು ಸಲ ಹೇಳಿ ಕಳಿಸಿದೆ. ಹೇಳಿದರೆ ಮುಗಿಯಿತೆಂದು ನನಗೆ ನಾನೇ ಒಪ್ಪಿಸಿಕೊಂಡೆ.

ಮಾರ್ಚ್ ಮೊದಲ ವಾರ ಒಂದು ಸಂಜೆ ಅಕಾಲದಲ್ಲಿ ನಾಲ್ಕು ಹನಿ ಮಳೆ ಬಿತ್ತು. ಕಡಲೆ ನೆನೆದು ಕಪ್ಪಾದೀತೆಂದು ನೀಲವ್ವ ಮರುದಿನ ಬೆಳಿಗ್ಗೆ ಬೇಗ ಎದ್ದು ಗಿಡಗಳನ್ನು ರಸ್ತೆಯ ಮೇಲೆ ಹರಡಿದಳು. ಒಣಗಲೆಂದು ಬಿಟ್ಟು ಪಕ್ಕಕ್ಕೆ ಬರಬಹುದಿತ್ತು. ಬರಲಿಲ್ಲ, ತುದಿಯಲ್ಲಿ ಕುಳಿತು ನಿನ್ನೆಯ ಕಾಳು ಆರಿಸುತ್ತಿದ್ದಳು. ಬಬಲೇಶ್ವರದ ಕಡೆಯಿಂದ ಗಾಡಿಯೊಂದು ಬಂತು, ಚಾಲಕನ ಕಣ್ಣಿಗೆ ಎದುರು ಬಿಸಿಲು. ಒದ್ದೆ ಗಿಡ ಚಟಚಟ ಎನ್ನಲಿಲ್ಲ. ಅವಳ ಕಿವಿಗೆ ಏನೂ ಕೇಳಿಸಲಿಲ್ಲ.

ನಾನಾಗ ರೊಟ್ಟಿ ತಿನ್ನುತ್ತಿದ್ದೆ. ಫೋನ್ ಮಾಡಿದ್ದು ರೇಣುಕಾ.

"ಅಕ್ಕಾರ, ಅವ್ವಗ ಗಾಡಿ ಬಡದೈತ್ರಿ. ದವಾಖಾನಿಗೆ ತಂದೇವಿ."

ನನ್ನ ಬಾಯಿಂದ ಬಂದ ಮೊದಲ ಮಾತು, ಯಾವ ಗಾಡಿ ಎಂದು. ಕಾರಾ, ಹೊಸ ಕಾರಾ ಎಂದು ಕೇಳಿದೆ. ಯಾಕೆ ಕೇಳುತ್ತಿದ್ದೇನೆಂದು ಅವಳಿಗೆ ಅರ್ಥವಾಗಲಿಲ್ಲ. ಆದರೂ ಹೇಳಿದಳು, ಹಳೇ ಗೂಡ್ಸ್ ಟೆಂಪೊ, ಈರುಳ್ಳಿ ಹೇರಿದ್ದರು ಎಂದು. ಹಳೇ ಟೆಂಪೊ. ಅದರಲ್ಲಿ ಕ್ಯಾಮೆರಾ ಇರುವುದಿಲ್ಲ, ನಾನು ಕಲಿಸಿದ್ದು ಯಾವುದೂ ಇರುವುದಿಲ್ಲ. ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. 'ಸದ್ಯ' ಎಂದೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು, ಫೋನಿನಲ್ಲಿ.

ರೇಣುಕಾ ಫೋನ್ ಇಟ್ಟಳು. ಅವಳ ಅವ್ವ ಹೇಗಿದ್ದಾಳೆಂದು ನಾನಿನ್ನೂ ಕೇಳಿರಲಿಲ್ಲ.

ನೀಲವ್ವನ ಸೊಂಟದ ಮೂಳೆ ಮುರಿದಿತ್ತು, ಎಡಗಾಲು ಎರಡು ಕಡೆ. ಮೌಲಾಲಿ ರಕ್ತ ಕೊಟ್ಟ. ಜೈತುನಬಿ ದಿನಾ ಡಬ್ಬಿ ಕಟ್ಟಿ ಕಳಿಸಿದರು. ನಾನು ಮೂರನೇ ದಿನ ದವಾಖಾನೆಯ ವರಾಂಡದಲ್ಲಿ ರೇಣುಕಾಳ ಪಕ್ಕ ಕುಳಿತಿದ್ದಾಗ ಅವಳು ಗೋಡೆ ನೋಡುತ್ತ ಕೇಳಿದಳು:

"ಸದ್ಯ ಅಂದ್ರೆಲ್ರಿ ಅಕ್ಕಾರ. ಯಾತಕ್ಕ?"

ನಾನು ಎಲ್ಲ ಹೇಳಿದೆ. ಬರೀ ಗಿಡಗಳ ಚಿತ್ರ ಮಾಡಿದ್ದು, ಅವ್ವನನ್ನು ಪಕ್ಕಕ್ಕೆ ಕಳಿಸಿದ್ದು, ಕುಳಿತವಳನ್ನು ಕಾರು ಗುರುತಿಸದೇ ಹೋದದ್ದು, ನಾನು ಅವಳನ್ನು ಎಬ್ಬಿಸಿ ನಿಲ್ಲಿಸಿ ಸಹಿ ಹಾಕಿದ್ದು. ಬೈಯುತ್ತಾಳೆ ಎಂದುಕೊಂಡಿದ್ದೆ, ಅಳುತ್ತಾಳೆ ಎಂದುಕೊಂಡಿದ್ದೆ. ಅಂಗನವಾಡಿಯಲ್ಲಿ ಮಕ್ಕಳ ಹೆಸರು ಬರೆಯುವಾಗ ಇರುವಂಥದೇ ಮುಖದಲ್ಲಿ ಅವಳು ಕೇಳಿಸಿಕೊಂಡಳು.

"ಅಂದ್ರ, ಇದ್ದ ಗಾಡಿನೂ ನೋಡಲಿಲ್ಲ, ಮುಂದ ಬರೂ ಗಾಡಿನೂ ನೋಡೂದಿಲ್ಲ," ಎಂದಳು. ಆಮೇಲೆ ಔಷಧಿ ಚೀಟಿ ಹಿಡಿದು ಎದ್ದು ಹೋದಳು.

ಪುಣೆಗೆ ಮತ್ತೆ ಬರೆದೆ. ನನ್ನ ಸಹಿ ವಾಪಸ್ ತೆಗೆದುಕೊಳ್ಳುತ್ತೇನೆ, ಕುಳಿತವಳ ಚಿತ್ರವನ್ನು ಪರೀಕ್ಷೆಗೆ ಸೇರಿಸಿ ಎಂದು ಬರೆದೆ. ಆ ಭಾಗ ಮುಗಿದು ಮುಂದಿನವರಿಗೆ ಹೋಗಿದೆ, ನಿಮ್ಮ ಸಲಹೆಯನ್ನು ದಾಖಲಿಸಿಕೊಂಡಿದ್ದೇವೆ ಎಂದು ಉತ್ತರ ಬಂತು. ಮುಂದಿನವರು ಯಾರೆಂದು ಯಾರಿಗೂ ಗೊತ್ತಿಲ್ಲ. ಆಮೇಲೆ ಬರೆದ ಪತ್ರಗಳಿಗೂ ಅದೇ ಸಾಲು ಬಂದಿದೆ. ಡಿಸೆಂಬರಿಗೆ ಮತ್ತೆ ತೊಗರಿ ಬರುತ್ತದೆ, ನೀಲವ್ವ ಅಲ್ಲದಿದ್ದರೆ ಇನ್ನೊಬ್ಬಳು ಬಂದು ಕೂರುತ್ತಾಳೆ. ಇಲ್ಲಿಯೂ ಕೂರುತ್ತಾಳೆ, ಕೊಳ್ಳೇಗಾಲದ ರಸ್ತೆಯಲ್ಲೂ ಕೂರುತ್ತಾಳೆ. ಅದನ್ನು ತಡೆಯಲು ನನ್ನಿಂದ ಏನೂ ಆಗದು. ಇದನ್ನು ಬರೆದು ನೋಡಿದರೆ ಸ್ವಲ್ಪ ಹಗುರಾಗಬಹುದು ಎಂದುಕೊಂಡಿದ್ದೆ, ಆಗಿಲ್ಲ.

ಮನೆಗೆ ಹೋಗುವ ಕಾಗದ ಏಪ್ರಿಲಿನಲ್ಲಿ ಬಂತು. ಯುಗಾದಿ ಕಳೆದ ಮೇಲೆ ಒಂದು ವಾರಕ್ಕೆಂದು ಹೋಗಿದ್ದೆ. ಅಕ್ಕ ಮುದ್ದೆ, ಸೊಪ್ಪಿನ ಸಾರು ಮಾಡಿದ್ದಳು. ನಾನು ಅರ್ಧ ಮುದ್ದೆಗೆ ಸಾಕೆಂದೆ, ಅಲ್ಲಿಯ ರೊಟ್ಟಿಗೆ ಒಗ್ಗಿಹೋಗಿದ್ದೀಯ ಎಂದು ರೇಗಿಸಿದಳು. ಸಿಂಚನ ಶಾಲೆಯಲ್ಲಿ ತನ್ನ ಅಮ್ಮನ ಬಗ್ಗೆ ಬರೆದ ಪ್ರಬಂಧ ತೋರಿಸಿದಳು. ನನ್ನ ಅಮ್ಮ ರಸ್ತೆಯಲ್ಲಿ ಜನರು ಸಾಯದಂತೆ ನೋಡಿಕೊಳ್ಳುತ್ತಾರೆ ಎಂದು ಮೊದಲ ಸಾಲಿನಲ್ಲೇ ಇತ್ತು. ಟೀಚರು ಕೆಂಪು ಶಾಯಿಯಲ್ಲಿ ಚೆನ್ನಾಗಿದೆ ಎಂದು ಬರೆದಿದ್ದರು. ನಾನು ಅದನ್ನು ಓದಿ ಹೊಗಳಿದೆ. ಅಂದಿನಿಂದ ಆ ಮನೆಯಲ್ಲಿ ನನಗೆ ಊಟ ಸೇರಲಿಲ್ಲ. ವಾರ ಮುಗಿಯುವ ಮುಂಚೆಯೇ, ಕೆಲಸ ಬಾಕಿ ಇದೆ ಎಂದು ಸುಳ್ಳು ಹೇಳಿ ಹೊರಟೆ. ಬಸ್ಸಿನ ಕಿಟಕಿಯಿಂದ ಕೈಬೀಸಿದರೆ ಮಗಳು ನನ್ನತ್ತ ನೋಡಲಿಲ್ಲ.

ಆ ಮನೆಯಲ್ಲಿ ನಾನು ಜೀವ ಉಳಿಸುವವಳು, ಹಾಗಾಗಿ ಅಲ್ಲಿ ಇರಲಾರೆ. ಜೈನಾಪುರದ ಮನೆಯಲ್ಲಿ ನಾನು ಏನೆಂದು ರೇಣುಕಾಳಿಗೆ ಗೊತ್ತಿದೆ, ಅವಳು ನನ್ನನ್ನು ಇರು ಎನ್ನುವುದಿಲ್ಲ. ಆದರೂ ವಾರಕ್ಕೊಮ್ಮೆ ಅಲ್ಲಿಗೆ ಹೋಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಮನೆಗೆ ಹೋಗುವ ದಿನವನ್ನು ಎರಡು ಸಲ ಮುಂದೂಡಿಸಿಕೊಂಡಿದ್ದೇನೆ. ಇನ್ನೊಂದು ಸಲ ಕೇಳಿದರೆ ಕೆಲಸವೇ ಹೋಗಬಹುದು. ಹೋದರೆ ಹೋಗಲಿ ಎನ್ನುವಷ್ಟು ಧೈರ್ಯವೂ ನನಗಿಲ್ಲ.

ಮೊನ್ನೆ ಹೋದಾಗ ನೀಲವ್ವ ಹೊರಸಿನ ಮೇಲೆ, ಎಂದರೆ ಹಗ್ಗದ ಮಂಚದ ಮೇಲೆ, ಗೋಡೆಗೆ ಒರಗಿ ಕುಳಿತಿದ್ದಳು. ಇನ್ನು ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ರೇಣುಕಾ ನನ್ನ ಮುಂದೆ ನೀರಿನ ತಂಬಿಗೆ ಇಟ್ಟು, ಮುಖ ನೋಡದೆ ಒಳಗೆ ಹೋದಳು. ನನ್ನಿಂದ ಕೇಳಿದ್ದನ್ನು ಅವಳು ಅವ್ವನಿಗೆ ಹೇಳಿಲ್ಲ. ಯಾಕೆ ಹೇಳಿಲ್ಲವೆಂದು ಕೇಳುವ ಯೋಗ್ಯತೆ ನನಗಿಲ್ಲ. ನೀಲವ್ವ ನನ್ನ ಮಗಳ ಬಗ್ಗೆ ವಿಚಾರಿಸಿದಳು, ಈ ಸಲದ ಮಳೆಯ ಬಗ್ಗೆ ಮಾತಾಡಿದಳು. ಆಮೇಲೆ ಕೇಳಿದಳು:

"ಯವ್ವ, ನಿನ್ನ ಮಷಿನ್ನ್ಯಾಗಿನ ನೀಲವ್ವ ಹೆಂಗದಾಳ?"

"ನಿಂತಿದ್ದಾಳೆ," ಎಂದೆ.

"ಹೌದಾ? ಆಕ್ಯಾರ ನಿಂತಿರಲಿ ಬಿಡವ್ವ," ಎಂದಳು ನೀಲವ್ವ, ಮತ್ತು ಕಾಲು ಸ್ವಲ್ಪ ಎತ್ತಿ ಆ ಕಡೆ ಇಡಲು ನನಗೆ ಹೇಳಿದಳು.